ದೂರಾ ಯೂರೋಪೊಸ್‌ನ ಗ್ರೀಕ್ ತೊಗಲಿನ ಚೂರು: 256ಕ್ಕಿಂತ ಹಿಂದಿನದು ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ?

ಪುಟದಂಚು:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಒಂದು ತೊಗಲಿನ ಚೂರಿನ ಚಿತ್ರವನ್ನು ಮೂರು ದಿನಗಳಿಂದ ನೋಡುತ್ತ ಕುಳಿತಿದ್ದೇನೆ. ಸಿರಿಯಾದಲ್ಲಿ ಯೂಫ್ರಟಿಸ್ ನದಿಯ ದಂಡೆಯ ಮೇಲಿರುವ ದೂರಾ ಯೂರೋಪೊಸ್ ಎಂಬ ಹಾಳೂರಿನಲ್ಲಿ ಇದು 1933ರ ಮಾರ್ಚ್ 5ರಂದು ಸಿಕ್ಕಿತಂತೆ. ಅಂಗೈಯಗಲದ ಚೂರು, ಎಡಗಡೆಯ ಅಂಚು ಹರಿದುಹೋಗಿದೆ, ಉಳಿದಿರುವುದು ಗ್ರೀಕ್ ಭಾಷೆಯ 14 ಸಾಲು. ಯೇಸುವನ್ನು ಶಿಲುಬೆಗೇರಿಸಿದ ದಿನದ ಸಂಜೆ ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸಿ ಸಮಾಧಿ ಮಾಡಿದ ಅರಿಮಥಾಯದ ಯೋಸೇಫನು ಮುಂದೆ ಬರುವ ಪ್ರಸಂಗ ಅದರಲ್ಲಿದೆ.

ನನ್ನ ಗೊಂದಲಗಳು ಎರಡು. ಬೈಬಲ್ಲಿನ ಹೊಸ ಒಡಂಬಡಿಕೆಯ ಹಸ್ತಪ್ರತಿಗಳ ಪಟ್ಟಿಯಲ್ಲಿ ಇದಕ್ಕೆ 0212 ಎಂಬ ಸಂಖ್ಯೆ ಇದೆ. ಆದರೆ ಇದು ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರಲ್ಲಿ ಯಾರ ಸುವಾರ್ತೆಯೂ, ಅಂದರೆ ಯೇಸುವಿನ ಜೀವನಕಥೆಯೂ, ಅಲ್ಲ ಎನ್ನುತ್ತಾರೆ. ಎರಡನೆಯದಾಗಿ, ಇದು ಕ್ರಿ.ಶ. 256ಕ್ಕಿಂತ ಹಿಂದಿನದು ಎಂದು ಎಲ್ಲರೂ ಧೈರ್ಯವಾಗಿ ಬರೆಯುತ್ತಾರೆ. ಬೇರೆ ಪ್ರತಿಗಳ ಮಾತು ಬಂದಾಗ "ಎರಡನೆಯ ಅಥವಾ ಮೂರನೆಯ ಶತಮಾನ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವ ವಿದ್ವಾಂಸರು ಇಲ್ಲಿ ಮಾತ್ರ ಇಸವಿಯನ್ನೇ ಹೇಳುವುದು ಹೇಗೆ?

ಶಂಕೆಯವ:
ಅಕ್ಷರದ ಬಾಗು ಬಳುಕು ನೋಡಿ ಕಾಲ ಹೇಳುವುದಕ್ಕೂ ಅಂಗೈ ನೋಡಿ ಆಯುಸ್ಸು ಹೇಳುವುದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಯಾರೋ ಒಬ್ಬರು 256 ಎಂದಿರಬೇಕು, ಉಳಿದವರು ಅದನ್ನೇ ನಕಲು ಮಾಡಿರಬೇಕು.

ಏಜಿಯನ್ ಅಲೆ:
ಶಂಕೆಯವರೇ, ಬೇರೆ ಪ್ರತಿಗಳ ವಿಷಯದಲ್ಲಿ ನಿಮ್ಮ ಅನುಮಾನಕ್ಕೆ ಸ್ವಲ್ಪ ಆಧಾರವಿದೆ. ಈ ಚೂರಿನ ವಿಷಯದಲ್ಲಿ ಇಲ್ಲ, ಏಕೆಂದರೆ ಇಲ್ಲಿ ಕಾಲವನ್ನು ಹೇಳುತ್ತಿರುವುದು ಮಣ್ಣು.

ದೂರಾ ರೋಮನ್ ಸಾಮ್ರಾಜ್ಯದ ಗಡಿಯ ಊರು. ಪರ್ಷಿಯಾದ ಸಸಾನಿ ದೊರೆ ಒಂದನೆಯ ಶಾಪೂರನ ಸೈನ್ಯ ಬರುವುದು ಖಚಿತವೆಂದು ತಿಳಿದಾಗ ರೋಮನ್ನರು ಮರುಭೂಮಿಯ ಕಡೆಗಿದ್ದ ಪಡುವಣ ಕೋಟೆಗೋಡೆಯನ್ನು ಒಳಗಿನಿಂದ ಬಲಪಡಿಸಲು ಹೊರಟರು. ಗೋಡೆಯ ಪಕ್ಕದ ಬೀದಿಯನ್ನೂ ಅದಕ್ಕೆ ತಾಗಿದ್ದ ಮನೆಗಳನ್ನೂ ಮಂದಿರಗಳನ್ನೂ ಮಣ್ಣು, ಕಲ್ಲು, ಇಟ್ಟಿಗೆ, ಊರಿನ ಕಸ ಎಲ್ಲವನ್ನೂ ಸುರಿದು ಮುಚ್ಚಿ ದೊಡ್ಡ ದಿಬ್ಬವನ್ನೇ ಎಬ್ಬಿಸಿದರು. ಊರು ಆದರೂ ಬಿತ್ತು. ಆಮೇಲೆ ಅಲ್ಲಿ ಮತ್ತೆ ಊರು ಏಳಲಿಲ್ಲ. ನಮ್ಮ ಚೂರು ಸಿಕ್ಕಿದ್ದು ಆ ದಿಬ್ಬದ ಮಣ್ಣಿನೊಳಗೆ. ದಿಬ್ಬ ಕಟ್ಟುವ ಹೊತ್ತಿಗೆ ಅದು ಆಗಲೇ ಬರೆದು, ಓದಿ, ಹರಿದು, ಕಸವಾಗಿತ್ತು ಎಂದರ್ಥ.

ಶಂಕೆಯವ:
ಸರಿ, ಊರು ಬಿದ್ದದ್ದು 256ರಲ್ಲಿ ಎಂದು ಹೇಳಿದವರು ಯಾರು? ಅದನ್ನು ಕಂಡು ಬರೆದಿಟ್ಟ ಇತಿಹಾಸಕಾರ ಇದ್ದಾನೆಯೇ?

ಏಜಿಯನ್ ಅಲೆ:
ಮುತ್ತಿಗೆಯ ಕಥೆಯನ್ನು ಬರೆದಿಟ್ಟವರಿಲ್ಲ, ಅದನ್ನೂ ಅಗೆದೇ ತೆಗೆದಿದ್ದಾರೆ. ಊರಿನಲ್ಲಿ ಸಿಕ್ಕ ದಿನಾಂಕವಿರುವ ದಾಖಲೆಗಳಲ್ಲಿ ಕೊನೆಯ ಕಾಲದ್ದು 254ರ ಒಂದು ವಿವಾಹ ವಿಚ್ಛೇದನ ಪತ್ರ. ಅಲ್ಲಿಗೆ ಊರು ಇನ್ನೂ ಜೀವಂತವಾಗಿತ್ತು. ಇನ್ನು 19ನೆಯ ಬುರುಜಿನ ಕೆಳಗೆ ಪರ್ಷಿಯನ್ನರು ಸುರಂಗ ತೋಡಿದ್ದರು, ರೋಮನ್ನರು ಎದುರು ಸುರಂಗ ತೋಡಿದ್ದರು. ಅದರೊಳಗೆ ಸತ್ತ ಸೈನಿಕರ ಮೂಳೆಗಳ ಜೊತೆ ಸಿಕ್ಕ ನಾಣ್ಯಗಳಲ್ಲಿ ತೀರಾ ಹೊಸದು 256ರದು. ಸತ್ತವನ ಹಣದ ಚೀಲದಲ್ಲಿ ಮುಂದಿನ ವರ್ಷದ ನಾಣ್ಯ ಇರಲು ಸಾಧ್ಯವಿಲ್ಲವಷ್ಟೇ.

ಓಲೆಗರಿ:
ಇದನ್ನು ಓದಿ ಹೊಟ್ಟೆ ಉರಿಯಿತು. ನಮ್ಮ ಮನೆಯ ಅಟ್ಟದಲ್ಲಿ ಒಂದು ಓಲೆಯ ಕಟ್ಟು ಇದೆ. ಕೊನೆಯ ಗರಿಯಲ್ಲಿ ಲಿಪಿಕಾರ ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದಾನೆ, ಶಕ ವರ್ಷವನ್ನು ಮಾತ್ರ ಬರೆದಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ನಾನು ಕೇಳಿದ ಮೂವರು ಪಂಡಿತರು ಅಕ್ಷರ ನೋಡಿ ಮೂರು ಆವರ್ತಗಳನ್ನು ಹೇಳಿದರು. ಮೊದಲಿನವರಿಗೂ ಕೊನೆಯವರಿಗೂ ನಡುವೆ 120 ವರ್ಷಗಳ ಅಂತರ. ನಮ್ಮ ಅಟ್ಟವನ್ನೂ ಯಾರಾದರೂ ಪುಣ್ಯಾತ್ಮರು 256ರಲ್ಲಿ ಮಣ್ಣು ಹಾಕಿ ಮುಚ್ಚಿದ್ದರೆ ಚೆನ್ನಾಗಿತ್ತು.

ಚಾರ್ಮಾಡಿಯ ಮಳೆ:
ಈ ಚೂರು ಅಲ್ಲಿನ ಕ್ರೈಸ್ತ ಸಭಾಮಂದಿರದಲ್ಲಿ ಸಿಕ್ಕಿದ್ದಲ್ಲವೇ? ಜಗತ್ತಿನ ಅತಿ ಹಳೆಯ ಚರ್ಚು ದೂರಾದಲ್ಲಿಯೇ ಇದೆ ಎಂದು ಓದಿದ ನೆನಪು.

ಏಜಿಯನ್ ಅಲೆ:
ಬಹಳ ಕಡೆ ಹಾಗೆ ಬರೆಯುತ್ತಾರೆ, ಅದು ತಪ್ಪು. ಮಂದಿರ ಇದ್ದದ್ದು ನಿಜ. ಒಂದು ಸಾಮಾನ್ಯ ವಾಸದ ಮನೆಯನ್ನು ತೆಗೆದುಕೊಂಡು, ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಸಭೆಗೆ ಜಾಗ ಮಾಡಿ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಕಟ್ಟಿ, ಗೋಡೆಗೆ ಚಿತ್ರ ಬರೆಸಿದ್ದರು. ಆ ಮನೆಯ ಗಾರೆಯ ಮೇಲಿನ ಗೀಚುಬರಹವೊಂದು 232–33ಕ್ಕೆ ಸರಿಹೊಂದುತ್ತದೆ. ಆ ಮನೆಯೂ ಅದೇ ದಿಬ್ಬದಡಿ ಹೂತುಹೋಗಿ ಉಳಿದುಕೊಂಡಿತು. ಆದರೆ ಚೂರು ಸಿಕ್ಕಿದ್ದು ಮಂದಿರದ ಒಳಗಲ್ಲ, ಗೋಡೆಯುದ್ದಕ್ಕೂ ಬೇರೆ ಕೇರಿಯ ಬಳಿ ಸುರಿದ ತುಂಬುಮಣ್ಣಿನಲ್ಲಿ. ಮಂದಿರದ ಪುಸ್ತಕವೇ ಹರಿದು ಅಲ್ಲಿಗೆ ಬಂದಿರಬಹುದು, ಯಾವನೋ ಸೈನಿಕನ ಮನೆಯದೂ ಆಗಿರಬಹುದು.

ಪುಟದಂಚು:
ಹಾಗಾದರೆ 256 ಎಂಬುದು ಬರೆದ ವರ್ಷವಲ್ಲ, ಅದಕ್ಕಿಂತ ಈಚೆಗೆ ಬರಲಾರದು ಎಂಬ ಗೆರೆ. ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆಯೇ?

ಏಜಿಯನ್ ಅಲೆ:
ಸರಿಯಾಗಿದೆ. ಆ ಗೆರೆಯ ಆಚೆಗೆ ಎಷ್ಟು ಹಿಂದಕ್ಕೆ ಹೋಗಬಹುದು ಎಂಬುದಕ್ಕೆ ಮಾತ್ರ ಅಕ್ಷರವನ್ನೂ ಕೃತಿಯ ಇತಿಹಾಸವನ್ನೂ ಕೇಳಬೇಕು.

ಸಮತಟ್ಟು:
ಇಷ್ಟೆಲ್ಲ ಯಾಕೆ? ಕಾರ್ಬನ್ ಪರೀಕ್ಷೆ ಮಾಡಿದರೆ ಮುಗಿಯಿತಲ್ಲ.

ತೊಗಲಗೊಂಬೆ:
ಮುಗಿಯುವುದಿಲ್ಲ. ಕಾರ್ಬನ್ ಪರೀಕ್ಷೆ ಹೇಳುವುದು ಪ್ರಾಣಿ ಸತ್ತ ಕಾಲವನ್ನು, ಬರೆದ ಕಾಲವನ್ನಲ್ಲ. ಅದೂ ಹತ್ತಾರು ವರ್ಷಗಳ ಹರವಿನಲ್ಲಿ ಉತ್ತರ ಕೊಡುತ್ತದೆ, ಮತ್ತು ಪರೀಕ್ಷೆಗೆ ಕೊಟ್ಟ ತುಂಡು ಮರಳಿ ಬರುವುದಿಲ್ಲ. ಅಂಗೈಯಗಲದ ವಸ್ತುವಿನಲ್ಲಿ ಎಷ್ಟನ್ನು ಸುಡುತ್ತೀರಿ?

ತೊಗಲಿನ ಮಾತು ಬಂದದ್ದರಿಂದ ಒಂದು ವಿಷಯ. ನಮ್ಮ ತಂದೆ ತೊಗಲುಬೊಂಬೆ ಆಡಿಸುತ್ತಿದ್ದರು. ಆಡಿನ ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಮೊಳೆ ಹೊಡೆದು ಬಿಗಿಯಾಗಿ ಎಳೆದು ಕಟ್ಟಿ, ಒಣಗುತ್ತಿರುವಾಗಲೇ ಮತ್ತೆ ಮತ್ತೆ ಹೆರೆದರೆ ದೀಪದ ಬೆಳಕು ಆಚೆಗೆ ದಾಟುವಷ್ಟು ತೆಳುವಾಗುತ್ತದೆ. ಚಪ್ಪಲಿಯ ಚರ್ಮದಂತೆ ಹದ ಮಾಡುವುದಿಲ್ಲ. ಪಶ್ಚಿಮದವರ ಪಾರ್ಚ್‌ಮೆಂಟ್ ಮಾಡುವ ಕ್ರಮವೂ ಹೆಚ್ಚುಕಡಿಮೆ ಇದೇ: ಸುಣ್ಣದ ನೀರು ಅಥವಾ ಅಂಥದೊಂದರಲ್ಲಿ ನೆನೆಸುವುದು, ಚೌಕಟ್ಟಿಗೆ ಎಳೆದು ಕಟ್ಟುವುದು, ಹೆರೆಯುವುದು. ಕೈಯಲ್ಲಿ ಹಿಡಿದರೆ ಕೂದಲಿನ ಕಡೆ ಯಾವುದು, ಮಾಂಸದ ಕಡೆ ಯಾವುದು ಎಂದು ಬೆರಳಿಗೇ ತಿಳಿಯುತ್ತದೆ. ಈ ಚೂರಿನಲ್ಲಿ ಬರಹ ಒಂದೇ ಮಗ್ಗುಲಿಗೆ ಇದೆಯೋ ಎರಡೂ ಕಡೆಗೋ?

ಏಜಿಯನ್ ಅಲೆ:
ಒಳ್ಳೆಯ ಪ್ರಶ್ನೆ, ಇದನ್ನು ನಾನೇ ಮೊದಲು ಹೇಳಬೇಕಿತ್ತು. ಬರಹ ಒಂದೇ ಕಡೆ, ಬೆನ್ನು ಖಾಲಿ. ಅಂದರೆ ಇದು ಹಾಳೆ ಮಡಚಿ ಹೊಲಿದ ಪುಸ್ತಕದ ಪುಟವಲ್ಲ, ಸುರುಳಿಯ ತುಂಡು. ಆ ಕಾಲದ ಕ್ರೈಸ್ತರು ತಮ್ಮ ಗ್ರಂಥಗಳಿಗೆ ಸುರುಳಿಯನ್ನು ಬಿಟ್ಟು ಪುಸ್ತಕದ ಆಕಾರವನ್ನೇ ಹಟ ಹಿಡಿದಂತೆ ಬಳಸುತ್ತಿದ್ದರು. ಹಾಗಿರುವಾಗ ಸುವಾರ್ತೆಯ ಮಾತುಗಳು ತೊಗಲಿನ ಸುರುಳಿಯ ಮೇಲೆ ಇರುವುದೇ ಅಪರೂಪ.

ಓಲೆಗರಿ:
ಇದರಿಂದ ಅವರು ಇದನ್ನು ಉಳಿದ ಸುವಾರ್ತೆಗಳಷ್ಟು ಪವಿತ್ರವೆಂದು ಎಣಿಸುತ್ತಿರಲಿಲ್ಲ ಎಂದು ಹೇಳಬಹುದೇ?

ಏಜಿಯನ್ ಅಲೆ:
ಹಾಗೆ ಜಿಗಿಯಬೇಡಿ. ಪವಿತ್ರ ನಾಮಗಳನ್ನು ಮೊಟಕಾಗಿ ಬರೆಯುವುದು ಕ್ರೈಸ್ತ ಲಿಪಿಕಾರರ ಪದ್ಧತಿ, ಅದನ್ನು ಇಲ್ಲಿಯೂ ಬಿಟ್ಟಿಲ್ಲ. ಯೇಸುವಿನ ಹೆಸರಿಗೆ ಎರಡೇ ಅಕ್ಷರ, ದೇವರು ಎಂಬ ಪದಕ್ಕೂ ಎರಡೇ ಅಕ್ಷರ. "ಶಿಲುಬೆಗೇರಿದವನು" ಎಂಬ ಉದ್ದ ಪದವನ್ನು "ಸ್ತ" ಎಂಬಲ್ಲಿಗೆ, ಅಂದರೆ ಮೂರು ಗ್ರೀಕ್ ಅಕ್ಷರಗಳಿಗೆ ನಿಲ್ಲಿಸಿದ್ದಾನೆ. ಮರ್ಯಾದೆ ಇಲ್ಲದ ಕಡೆ ಯಾರೂ ಹೀಗೆ ಬರೆಯುವುದಿಲ್ಲ.

ಪುಟದಂಚು:
ಈಗ ನನ್ನ ಮೊದಲನೆಯ ಪ್ರಶ್ನೆಗೆ ಬರೋಣ. ನಾಲ್ಕು ಸುವಾರ್ತೆಗಳಲ್ಲಿ ಯಾವುದೂ ಅಲ್ಲ ಎಂದರೆ ಏನು? ಐದನೆಯದೊಂದು ಇತ್ತೇ?

ಏಜಿಯನ್ ಅಲೆ:
ನಾಲ್ಕನ್ನೂ ಬಿಡಿಸಿ ಒಂದೇ ಜಡೆಯಾಗಿ ಹೆಣೆದದ್ದು. ಸಾಲುಗಳನ್ನು ನೋಡಿ. ಶಿಲುಬೆಯತ್ತ ನೋಡುತ್ತ ನಿಂತ ಹೆಂಗಸರಲ್ಲಿ ಜೆಬೆದಾಯನ ಮಕ್ಕಳ ತಾಯಿ ಬರುವುದು ಮತ್ತಾಯನಿಂದ. ಪಕ್ಕದಲ್ಲಿಯೇ ಸಲೋಮೆಯ ಹೆಸರು. ಅದು ಮಾರ್ಕನಲ್ಲಿ ಮಾತ್ರ ಇದೆ. ಗಲಿಲಾಯದಿಂದ ಹಿಂಬಾಲಿಸಿ ಬಂದವರು ಲೂಕನವರು. "ಸಬ್ಬತ್ತಿನ (ಯೆಹೂದ್ಯರ ವಿಶ್ರಾಂತಿ ದಿನದ) ಹಿಂದಿನ ದಿನ" ಎಂಬ ವಿವರಣೆ ಮಾರ್ಕನದು. ಯೋಸೇಫನನ್ನು "ಒಳ್ಳೆಯವನು, ನೀತಿವಂತನು" ಎನ್ನುವುದು ಲೂಕ. "ಯೆಹೂದ್ಯರ ಭಯದಿಂದ ಗುಟ್ಟಾಗಿ ಶಿಷ್ಯನಾಗಿದ್ದವನು" ಎನ್ನುವುದು ಯೋಹಾನ. "ದೇವರ ರಾಜ್ಯವನ್ನು ಎದುರು ನೋಡುತ್ತಿದ್ದನು" ಎಂಬಲ್ಲಿಗೆ ಮತ್ತೆ ಲೂಕ. 14 ಸಾಲಿನೊಳಗೆ ನಾಲ್ವರೂ ಬಂದುಹೋಗುತ್ತಾರೆ, ಹೊಲಿಗೆ ಕಾಣದ ಹಾಗೆ.

ಇಂಥ ಹೆಣಿಗೆಗೆ ಹೆಸರಾದವನು ತಾತಿಯಾನ. ಸಿರಿಯಾ ಕಡೆಯವನು, ರೋಮ್‌ನಲ್ಲಿ ಜಸ್ಟಿನನ ಶಿಷ್ಯನಾಗಿದ್ದವನು. 170ರ ಸುಮಾರಿಗೆ ನಾಲ್ಕು ಸುವಾರ್ತೆಗಳನ್ನು ಕೂಡಿಸಿ "ದಿಯಾತೆಸ್ಸರೋನ್" ಮಾಡಿದ. ಆ ಹೆಸರಿನ ಅರ್ಥವೇ "ನಾಲ್ಕರ ಮೂಲಕ" ಎಂದು. 1935ರಲ್ಲಿ ಕಾರ್ಲ್ ಕ್ರೇಲಿಂಗ್ ಈ ಚೂರನ್ನು ಪ್ರಕಟಿಸಿದಾಗ ಇದು ಅದೇ ಗ್ರಂಥದ ಗ್ರೀಕ್ ತುಣುಕು ಎಂದು ತಲೆಬರಹದಲ್ಲಿಯೇ ಹೇಳಿಬಿಟ್ಟರು.

ಚಾರ್ಮಾಡಿಯ ಮಳೆ:
ಇದು ನನಗೆ ಮನೆಯ ಮಾತು. ನಮ್ಮ ಹಿರಿಯರು ಕೇರಳದಿಂದ ಘಟ್ಟದ ಬುಡಕ್ಕೆ ಬಂದು ರಬ್ಬರು ಹಾಕಿದವರು, ಸಿರಿಯನ್ ಕ್ರೈಸ್ತರು. ಅಜ್ಜಿಗೆ ಅರ್ಥ ಗೊತ್ತಿಲ್ಲದಿದ್ದರೂ ಸಿರಿಯಾಕ್ ಎಂಬ ಹಳೆಯ ಅರಮಾಯಿಕ್ ನುಡಿಯ ಕೆಲವು ಪ್ರಾರ್ಥನೆಗಳು ಬಾಯಿಪಾಠ ಇದ್ದವು. ಸಿರಿಯಾಕ್ ಸಭೆಗಳಲ್ಲಿ ಬಹುಕಾಲ ಓದುತ್ತಿದ್ದದ್ದು ಈ ಕೂಡುಸುವಾರ್ತೆಯನ್ನೇ. ನಾಲ್ಕನೆಯ ಶತಮಾನದ ಸಂತ ಎಫ್ರೇಮ್ ವ್ಯಾಖ್ಯಾನ ಬರೆದದ್ದೂ ಇದಕ್ಕೇ. ಐದನೆಯ ಶತಮಾನದಲ್ಲಿ ಕೀರಸ್‌ನ ಬಿಷಪ್ ಥಿಯೊಡೊರೆಟ್ ತನ್ನ ಪ್ರಾಂತದಲ್ಲಿ 200ಕ್ಕೂ ಹೆಚ್ಚು ಪ್ರತಿಗಳನ್ನು ಕಂಡು, ಎಲ್ಲವನ್ನೂ ಒಟ್ಟು ಮಾಡಿ ತೆಗೆಸಿ, ಬೇರೆ ಬೇರೆಯಾದ ನಾಲ್ಕು ಸುವಾರ್ತೆಗಳನ್ನು ಇರಿಸಿದ್ದಾಗಿ ತಾನೇ ಬರೆದುಕೊಂಡಿದ್ದಾನೆ. ಮೂಲ ಗ್ರಂಥ ಇವತ್ತು ಪೂರ್ತಿಯಾಗಿ ಎಲ್ಲಿಯೂ ಇಲ್ಲ.

ಶಂಕೆಯವ:
ಅಂದರೆ ಮೂಲವೇ ಕೈಯಲ್ಲಿಲ್ಲದ ಗ್ರಂಥದ ತುಣುಕು ಇದು ಎಂದು ಗುರುತಿಸಿದರು! ಯಾವುದರೊಡನೆ ಹೋಲಿಸಿ?

ಏಜಿಯನ್ ಅಲೆ:
ಈ ಸಲ ನಿಮ್ಮ ಏಟು ಸರಿಯಾದ ಜಾಗಕ್ಕೆ ಬಿದ್ದಿದೆ. ಎಫ್ರೇಮನ ವ್ಯಾಖ್ಯಾನ, ಅರಬ್ಬಿ ಅನುವಾದ, 546ರ ಸುಮಾರಿಗೆ ಬರೆಸಿದ ಫುಲ್ಡಾದ ಲ್ಯಾಟಿನ್ ಹಸ್ತಪ್ರತಿ ಮುಂತಾದವುಗಳಿಂದ ತಾತಿಯಾನನ ಪಾಠ ಹೇಗಿದ್ದಿರಬೇಕು ಎಂದು ಊಹಿಸುತ್ತಾರೆ. 1999ರಲ್ಲಿ ಪಾರ್ಕರ್, ಟೇಲರ್, ಗುಡೇಕರ್ ಎಂಬ ಮೂವರು ಚೂರನ್ನು ಮತ್ತೆ ಓದಿ, ಈ ಹೆಣಿಗೆ ಆ ಸಾಕ್ಷಿಗಳಿಗೆ ಹೊಂದುವುದಿಲ್ಲ, ಇದು ತಾತಿಯಾನನದಲ್ಲ, ಬೇರೊಂದು ಕೂಡುಸುವಾರ್ತೆ ಎಂದು ವಾದಿಸಿದರು. 2003ರಲ್ಲಿ ಯಾನ್ ಯೋಸ್ಟೆನ್ ಎದುರು ವಾದ ಹೂಡಿ, ಪೂರ್ವ ದೇಶಗಳ ಸಾಕ್ಷಿಗಳೊಂದಿಗೆ ಹೋಲಿಸಿದರೆ ತಾತಿಯಾನನದೇ ಎಂದರು. ಜಗಳ ಇನ್ನೂ ಇತ್ಯರ್ಥವಾಗಿಲ್ಲ.

ತಮಾಷೆ ನೋಡಿ. ಬರ್ಲಿನ್‌ನಲ್ಲಿರುವ 0189 ಸಹ ತೊಗಲಿನದೇ, ಒಂದು ಪುಸ್ತಕದ ಹಾಳೆ. ಅದು ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದ ಐದನೆಯ ಅಧ್ಯಾಯ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಕಾಲವನ್ನು ಮಾತ್ರ ಅಕ್ಷರ ನೋಡಿ "ಎರಡು ಅಥವಾ ಮೂರನೆಯ ಶತಮಾನ" ಎಂದು ಪಟ್ಟಿಯಲ್ಲಿ ಹಾಕಿದರು. ಮ್ಯಾಂಚೆಸ್ಟರ್‌ನ ರೈಲಂಡ್ಸ್ ಗ್ರಂಥಾಲಯದ ಯೋಹಾನನ ಚೂರು ತೊಗಲಲ್ಲ, ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆ. ಅದೂ 1935ರಲ್ಲಿಯೇ ಪ್ರಕಟವಾಯಿತು. ಅದರ ಕಾಲದ ಬಗ್ಗೆ ಇವತ್ತಿಗೂ ಕಿತ್ತಾಟ ನಡೆದಿದೆ. ದೂರಾದ ಚೂರಿಗೆ ಕಾಲವಿದೆ, ಹೆಸರಿಲ್ಲ. ಅವುಗಳಿಗೆ ಹೆಸರಿದೆ, ಕಾಲವಿಲ್ಲ.

ಸಮತಟ್ಟು:
ಆ 0 ಯಾಕೆ ಮುಂದೆ? ಮೊಬೈಲ್ ಸಂಖ್ಯೆಯ ಹಾಗಿದೆ.

ಏಜಿಯನ್ ಅಲೆ:
ತೊಗಲಿನ ಮೇಲೆ ದೊಡ್ಡಕ್ಷರದಲ್ಲಿ ಬರೆದ ಪ್ರತಿಗಳಿಗೆ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ, ಪಪೈರಸ್‌ಗಳಿಗೆ ಬೇರೆ ಸರಣಿ. ಕೂಡುಸುವಾರ್ತೆಯಾದ ಇದು ಆ ಪಟ್ಟಿಯಲ್ಲಿ ಇರಬೇಕಾದದ್ದೇ ಅಲ್ಲ ಎನ್ನುವವರೂ ಇದ್ದಾರೆ. ನನ್ನ ಮತವೂ ಅದೇ.

ಕಡಲ ಮುತ್ತು:
ಗ್ರೀಕ್, ಹಳೆಯ ಚೂರು ಎಂದಾಗ ಒಂದು ನೆನಪಾಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯಲ್ಲ!

ಏಜಿಯನ್ ಅಲೆ:
413ನೆಯ ಪಪೈರಸ್. 1904ರಲ್ಲಿ ಹುಲ್ಟ್ಶ್ ಆ ಮಾತುಗಳನ್ನು ಕನ್ನಡವೆಂದು ಓದಿದರು, 1926ರಲ್ಲಿ ಬಾರ್ನೆಟ್ ಒಪ್ಪಲಿಲ್ಲ. ನಮ್ಮಲ್ಲಿ ಗೋವಿಂದ ಪೈಗಳೂ ಅದರ ಬಗ್ಗೆ ಬರೆದಿದ್ದಾರೆ.

ನಿರ್ವಾಹಕ:
ಕನ್ನಡವೋ ಅಲ್ಲವೋ ಎಂಬ ವಾದ ಆರಂಭವಾದರೆ ಯೋಸೇಫನು ದೇಹವನ್ನು ಇಳಿಸುವ ಹೊತ್ತಿಗೆ ಬೆಳಗಾಗುತ್ತದೆ. ದಯವಿಟ್ಟು ಅದಕ್ಕೆ ಬೇರೆ ಎಳೆಯನ್ನು ತೆರೆಯಿರಿ.

ಓಲೆಗರಿ:
ಅಲೆಯವರೇ, ಚೂರಿನ ಹೆಣಿಗೆ ತಾತಿಯಾನನ ಪಾಠಕ್ಕೆ ಹೊಂದುವುದಿಲ್ಲ ಎಂದು ಪಾರ್ಕರ್ ಮತ್ತಿತರ ಮೂವರು ವಾದಿಸಿದರು ಎಂದಿರಲ್ಲ, ಎಲ್ಲಿ ಹೊಂದಲಿಲ್ಲ? ಒಂದು ಉದಾಹರಣೆ ಕೊಟ್ಟರೆ ನಮ್ಮಂಥವರಿಗೆ ಹಿಡಿಯಲು ಕೊಂಬೆ ಸಿಗುತ್ತದೆ.

ಏಜಿಯನ್ ಅಲೆ:
ಎಲ್ಲರೂ ಎಡವುವ ಮಾತು ಒಂದಿದೆ. ಲೂಕನಲ್ಲಿ ಇರುವುದು "ಗಲಿಲಾಯದಿಂದ ಅವನನ್ನು ಹಿಂಬಾಲಿಸಿ ಬಂದ ಹೆಂಗಸರು" ಎಂದು. ಚೂರಿನಲ್ಲಿ ಇರುವುದು "ಅವನನ್ನು ಹಿಂಬಾಲಿಸಿ ಬಂದವರ ಹೆಂಗಸರು" ಎಂದು. ವಿಭಕ್ತಿ ಒಂದೇ ಬದಲಾಗಿದೆ. ಮೊದಲನೆಯದರಲ್ಲಿ ಹಿಂಬಾಲಿಸಿದವರು ಹೆಂಗಸರೇ; ಎರಡನೆಯದರಲ್ಲಿ ಹಿಂಬಾಲಿಸಿದವರು ಬೇರೆ, ಇವರು ಅವರ ಹೆಂಡತಿಯರು.

ಪುಟದಂಚು:
ಗ್ರೀಕ್‌ನಲ್ಲಿ ಹೆಂಗಸು, ಹೆಂಡತಿ ಎರಡಕ್ಕೂ ಒಂದೇ ಪದವೇ?

ಏಜಿಯನ್ ಅಲೆ:
ಒಂದೇ ಪದ, "ಗುನೇ". ಯಾವ ಅರ್ಥ ಎಂಬುದನ್ನು ಸುತ್ತಲಿನ ಮಾತುಗಳು ಹೇಳಬೇಕು.

ಓಲೆಗರಿ:
ಇದರಲ್ಲಿ ಆಶ್ಚರ್ಯವಿಲ್ಲ. ಹಳಗನ್ನಡದ "ಪೆಂಡಿರ್" ಎಂದರೆ ಹೆಂಗಸರೂ ಹೌದು, ಹೆಂಡತಿಯರೂ ಹೌದು. ಅದೇ "ಹೆಂಡಿರು" ಆಗಿ "ಹೆಂಡಿರು ಮಕ್ಕಳು" ಎನ್ನುವಾಗ ಒಂದೇ ಅರ್ಥಕ್ಕೆ ನಿಂತುಬಿಟ್ಟಿತು. ಹಳಗನ್ನಡದ ಗರಿಯಲ್ಲಿ "ಬಂದ ಪೆಂಡಿರ್" ಎಂಬುದು "ಬಂದರ ಪೆಂಡಿರ್" ಆಗಲು ಲಿಪಿಕಾರನ ಕಂಠ, ಅಂದರೆ ಓಲೆಯ ಮೇಲೆ ಗೀರುವ ಲೇಖನಿ, ಒಂದು ಅಕ್ಷರ ಹೆಚ್ಚು ಗೀರಿದರೆ ಸಾಕು. ಆದ್ದರಿಂದ ಇದು ಬೇರೆ ಗ್ರಂಥದ ಗುರುತು ಎನ್ನುವುದಕ್ಕಿಂತ ನಕಲುಗಾರನ ಕೈತಪ್ಪು ಎಂದು ನನಗೆ ತೋರುತ್ತದೆ.

ಚಾರ್ಮಾಡಿಯ ಮಳೆ:
ಅಥವಾ ಅನುವಾದಕನ ಎಡವಟ್ಟು. ಸಿರಿಯಾಕ್‌ನಲ್ಲೂ ಎರಡಕ್ಕೂ ಒಂದೇ ಪದ. ತಾತಿಯಾನ ಸಿರಿಯಾಕ್‌ನಲ್ಲಿ ಬರೆದು, ಯಾರೋ ಅದನ್ನು ಗ್ರೀಕಿಗೆ ತಂದಿದ್ದರೆ ಇಂಥ ಜಾರುವಿಕೆ ಸಹಜ.

ಶಂಕೆಯವ:
ಗ್ರಂಥ ಸಿರಿಯಾಕ್ ಆಗಿದ್ದರೆ ಗಡಿಯ ಊರಿನವರಿಗೆ ಗ್ರೀಕ್ ಅನುವಾದ ಯಾಕೆ ಬೇಕಾಯಿತು?

ಚಾರ್ಮಾಡಿಯ ಮಳೆ:
ದೂರಾ ಒಂದೇ ಭಾಷೆಯ ಊರಾಗಿರಲಿಲ್ಲ. ಅಲ್ಲಿ ಗ್ರೀಕ್, ಲ್ಯಾಟಿನ್, ಪಲ್ಮೈರಾದವರ ಅರಮಾಯಿಕ್, ಹೀಬ್ರೂ, ಸಿರಿಯಾಕ್, ಪಾರ್ಥಿಯನ್ ಎಲ್ಲ ಬರಹವೂ ಸಿಕ್ಕಿದೆ. ಎದೆಸ್ಸಾ ನಗರದಲ್ಲಿ 243ರಲ್ಲಿ ಬರೆದ, ಒಬ್ಬ ದಾಸಿಯನ್ನು ಮಾರಿದ ಸಿರಿಯಾಕ್ ಕ್ರಯಪತ್ರವೂ ಅಲ್ಲಿಯೇ ಸಿಕ್ಕಿತು, ಅದೂ ತೊಗಲಿನ ಮೇಲೆಯೇ. ಒಬ್ಬನೇ ಮನುಷ್ಯ ಅಂಗಡಿಯಲ್ಲಿ ಒಂದು ಭಾಷೆ, ಪ್ರಾರ್ಥನೆಯಲ್ಲಿ ಇನ್ನೊಂದು ಭಾಷೆ ಬಳಸುವುದು ಮಂಗಳೂರಿನವರಿಗೆ ವಿವರಿಸಬೇಕಾದ ವಿಷಯವಲ್ಲ.

ಏಜಿಯನ್ ಅಲೆ:
ಕ್ರೇಲಿಂಗ್ ಒಲಿದದ್ದು ಮೂಲ ಗ್ರೀಕ್ ಎಂಬ ಕಡೆಗೆ. ನಾನೂ ಆ ಕಡೆಗೇ. ಅಲ್ಲಲ್ಲಿ ಮಾತುಗಳು ನಮಗೆ ಗೊತ್ತಿರುವ ಗ್ರೀಕ್ ಸುವಾರ್ತೆಗಳಿಗೆ ಎಷ್ಟು ಹತ್ತಿರವಾಗಿವೆ ಎಂದರೆ, ಗ್ರೀಕ್‌ನಿಂದ ಸಿರಿಯಾಕ್‌ಗೆ ಹೋಗಿ ಮತ್ತೆ ಗ್ರೀಕ್‌ಗೆ ಬಂದ ವಾಕ್ಯ ಅಷ್ಟು ಅಖಂಡವಾಗಿ ಉಳಿಯುವುದು ಕಷ್ಟ. ನಿಮ್ಮ ಪಕ್ಷಕ್ಕೂ ಒಂದು ಅಸ್ತ್ರವಿದೆ: ಅರಿಮಥಾಯ ಎಂಬ ಊರ ಹೆಸರನ್ನು ಈ ಲಿಪಿಕಾರ "ಎರಿನ್ಮಥಾಯ" ಎಂದು ಬರೆದಿದ್ದಾನೆ. ಗ್ರೀಕ್ ಸುವಾರ್ತೆಯನ್ನು ಎದುರಿಗೆ ಇಟ್ಟುಕೊಂಡವನು ಹೀಗೇಕೆ ಬರೆದ?

ಓಲೆಗರಿ:
ಕಾಣದ ಊರಿನ ಹೆಸರನ್ನು ಯಾವ ಲಿಪಿಕಾರ ಸರಿಯಾಗಿ ಬರೆದಿದ್ದಾನೆ?

ಶಂಕೆಯವ:
ನನಗೊಂದು ಬೇಸರವಿದೆ. ಹೆಂಗಸರು ಹಿಂಬಾಲಿಸಿದರು ಎಂಬುದನ್ನು ಗಂಡಂದಿರು ಹಿಂಬಾಲಿಸಿದರು, ಇವರು ಜೊತೆಗೆ ಬಂದವರು ಎಂದು ಮಾಡಿದ್ದು ಕೈತಪ್ಪು ಎಂದು ಎಲ್ಲರೂ ಸಲೀಸಾಗಿ ಹೇಳುತ್ತಿದ್ದೀರಿ. ಬೇಕೆಂದೇ ಮಾಡಿರಬಾರದೇ? ಮನೆಗಂಡಸಿನ ಹೆಸರಿಲ್ಲದೆ ಊರು ಬಿಟ್ಟು ಗುರುವಿನ ಹಿಂದೆ ನಡೆದ ಹೆಂಗಸರು ಯಾವ ಕಾಲದ ಸಂಪಾದಕನಿಗೆ ಮುಜುಗರ ತಂದಿಲ್ಲ?

ಏಜಿಯನ್ ಅಲೆ:
ಆ ಸಾಧ್ಯತೆಯನ್ನು ತಳ್ಳಿಹಾಕಲಾರೆ. ತಾತಿಯಾನನ ಮೇಲೆ ಮದುವೆಯನ್ನೇ ನಿಂದಿಸುತ್ತಿದ್ದ ಎಂಬ ಆರೋಪವಿದೆ. ಅಂಥವನು ಇಲ್ಲದ ಹೆಂಡತಿಯರನ್ನು ತಂದು ಸೇರಿಸುವುದು ಅವನ ಜಾಯಮಾನಕ್ಕೆ ಒಗ್ಗುವುದಿಲ್ಲ. ಬೇಕೆಂದೇ ಮಾಡಿದ್ದು ಎಂದಾದರೆ ಇದು ಅವನ ಕೃತಿಯಲ್ಲ ಎಂಬ ಪಕ್ಷಕ್ಕೆ ತೂಕ ಬರುತ್ತದೆ, ಕೈತಪ್ಪು ಎಂದಾದರೆ ಯಾವ ಕಡೆಗೂ ತೂಕವಿಲ್ಲ. ನೀವು ಅರಿಯದೆಯೇ ಆ ಮೂವರ ಪಕ್ಷ ಸೇರಿದಿರಿ.

ಶಂಕೆಯವ:
ಅರಿತೇ ಸೇರಿದೆ ಎಂದು ಬರೆದುಕೊಳ್ಳಿ.

ತೊಗಲಗೊಂಬೆ:
ಈಗ ಆ ಜಾಗದ ಸ್ಥಿತಿ ಹೇಗಿದೆ?

ಚಾರ್ಮಾಡಿಯ ಮಳೆ:
ಹೇಳಿಕೊಳ್ಳುವ ಹಾಗಿಲ್ಲ. 2011ರ ನಂತರದ ಯುದ್ಧದ ವರ್ಷಗಳಲ್ಲಿ ಕಳ್ಳರು ಅಗೆದ ಗುಂಡಿಗಳು ಉಪಗ್ರಹದ ಚಿತ್ರಗಳಲ್ಲಿ ಸಿಡುಬಿನ ಕಲೆಯ ಹಾಗೆ ಕಾಣುತ್ತವೆ. ಹಾಗೆ ಹೊರಬಂದ ಚೂರಿಗೆ ಇನ್ನು ಯಾವ ಮಣ್ಣೂ ಸಾಕ್ಷಿ ಹೇಳುವುದಿಲ್ಲ.

ಪುಟದಂಚು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಗ್ರೀಕ್ ಅಕ್ಷರಮಾಲೆಯನ್ನು ಪಕ್ಕದಲ್ಲಿಟ್ಟುಕೊಂಡು ಮೊದಲ ಸಾಲನ್ನು ನಾನೇ ಬಿಡಿಸಲು ಕುಳಿತೆ. "ಜೆಬೆದಾಯನ" ಎಂಬ ಪದವನ್ನು ಹುಡುಕಿದರೆ ಸಿಕ್ಕಿದ್ದು ಕೊನೆಯ ನಾಲ್ಕು ಅಕ್ಷರ ಮಾತ್ರ. ಮುದ್ರಿತ ಪಾಠದಲ್ಲಿ ಉಳಿದ ಐದೂ ಆವರಣ ಚಿಹ್ನೆಯೊಳಗಿವೆ. ಹಾಗಾದರೆ ಜೆಬೆದಾಯನೂ ಊಹೆಯೇ?

ಏಜಿಯನ್ ಅಲೆ:
ಊಹೆಯೇ, ಆದರೆ ಪಕ್ಕದಲ್ಲಿ ಸಲೋಮೆ ನಿಂತಿರುವುದರಿಂದ ಬೇರೆ ಯಾರೂ ಅಲ್ಲಿ ಹಿಡಿಸುವುದಿಲ್ಲ. ಎಡಗಡೆಯಲ್ಲಿ ಪ್ರತಿ ಸಾಲಿಗೂ ಐದಾರು ಅಕ್ಷರ ಹೋಗಿದೆ. ನಾಳೆ ಎರಡನೆಯ ಸಾಲು ಬಿಡಿಸಿ. ಆ ಹೆಂಗಸರ ವಿಭಕ್ತಿ ಅಲ್ಲಿಯೇ ಇದೆ, ಅದರ ಮೊದಲ ಅಕ್ಷರಗಳೂ ಹರಿದುಹೋದ ಅಂಚಿನಲ್ಲಿಯೇ ಇದ್ದವು.